ಗ್ಯಾರೇಜಿನ ಹೊಸ ನೆಲ

ನರ್ಸಮ್ಮನ ಕಾರು ಮೂರನೇ ಸಲ ಕುದಿಯುತ್ತಾ ಬಂದ ದಿನ ನಾನು ಅಣ್ಣನ ಮುಖದ ಕಡೆ ತಿರುಗಲೇ ಇಲ್ಲ. ತಿರುಗಿದ್ದರೆ ಕೈಯಲ್ಲಿದ್ದ ಸ್ಪ್ಯಾನರ್ ಎಲ್ಲಿಗೆ ಹೋಗುತ್ತಿತ್ತೋ ಹೇಳಲಾರೆ. ಮನೆಯವರು ನನಗೆ ಸಿಡುಕಿ ಅಂತ ಸುಮ್ಮನೆ ಹೆಸರಿಟ್ಟಿಲ್ಲ.

ಕಾರು ಬಂತು ಎಂದೆನಲ್ಲ, ಅದೂ ಸುಳ್ಳು. ಮೂಲೆಯ ಹಣ್ಣಿನಂಗಡಿಯವನೂ ದಾರಿಯಲ್ಲಿ ಹೋಗುತ್ತಿದ್ದ ಇನ್ನಿಬ್ಬರೂ ಹಿಂದಿನಿಂದ ತಳ್ಳುತ್ತಿದ್ದರು. ನರ್ಸಮ್ಮ ತೆರೆದ ಬಾಗಿಲೊಳಗೆ ಒಂದು ಕೈ ಹಾಕಿ ಸ್ಟೀರಿಂಗ್ ಹಿಡಿದುಕೊಂಡು ಪಕ್ಕದಲ್ಲಿ ನಡೆದು ಬರುತ್ತಿದ್ದರು. ಬಾನೆಟ್ಟಿನ ಸಂದಿಯಿಂದ ಹಬೆ ಏಳುತ್ತಿತ್ತು. ಅವರು ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರ ಗಾಯ ತೊಳೆದು ಪಟ್ಟಿ ಕಟ್ಟುವವರು. ದನಿ ಎತ್ತಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಅವತ್ತು ಕೇಳಿದೆ.

"ಇನ್ನೂ ಆರು ಮನೆ ಬಾಕಿ ಇದೆ ನನಗೆ. ಆರು ಜನ ಹಾಸಿಗೆಯಲ್ಲಿ ಮಲಗಿ ಬಾಗಿಲು ನೋಡ್ತಿದ್ದಾರೆ! ಮೊದಲನೇ ಸಲ ಏನಂದ್ರಿ? ವಯಸ್ಸಾದವರು ಮಾಡಿದ್ದು, ಮರೆವು ಬಂದಿದೆ ಅಂದ್ರಿ. ಸರಿ, ಒಪ್ಪಿದೆ. ಎರಡನೇ ಸಲ ಮಾಡಿದ್ದು ನೀನೇ ಅಲ್ವೇನಮ್ಮಾ? ಅದಾದ ಮೇಲೆ ಪಂಪ್ ಬದಲಾಯಿಸಿದ್ದೂ ನೀನೇ. ಏನು, ನಿನಗೂ ಮರೆವು ಶುರುವಾಯ್ತಾ?"

ಮುಖಕ್ಕೆ ಹೊಡೆದ ಹಾಗಾಯಿತು. ಯಾಕೆಂದರೆ ಆ ಮಾತು ನನ್ನದೇ. ಅದೇ ಜಾಗದಲ್ಲಿ, ಅದೇ ಕಾರಿನ ಪಕ್ಕ ನಿಂತು, ನಾನೇ ಮಾವನಿಗೆ ಹೇಳಿದ್ದು.

ಮಾವ ಅಂದರೆ ಅಮ್ಮನ ತಮ್ಮ. ಅಪ್ಪ ಹೋದಾಗ ಅಣ್ಣನಿಗೆ ಹನ್ನೆರಡು, ನನಗೆ ಎಂಟು. ಗ್ಯಾರೇಜಿಗೆ ಬೀಗ ಬೀಳಬೇಕಿತ್ತು. ಮಾವ ಬೇರೆ ಕಡೆ ಇದ್ದ ಕೆಲಸ ಬಿಟ್ಟು ಬಂದು ಷಟರ್ ಎತ್ತಿದರು. ಸ್ಪ್ಯಾನರ್ ಹಿಡಿಯುವುದನ್ನು ನಮ್ಮಿಬ್ಬರಿಗೂ ಕಲಿಸಿದ್ದು ಅವರೇ. ಬೈಯುತ್ತಲೇ ಕಲಿಸಿದರು. ಪೈಪಿನ ಕ್ಲಿಪ್ ಒಂದು ಕೂದಲಷ್ಟು ಓರೆ ಕೂತರೂ ಬೀದಿ ಕೊನೆಯವರೆಗೆ ಕೇಳುವ ಹಾಗೆ ಬೈಗುಳ. ಅಣ್ಣ ಲೆಕ್ಕಪತ್ರ, ಗಿರಾಕಿ, ಮಾತು ನೋಡಿಕೊಳ್ಳುತ್ತಾನೆ. ನಾನು ಎಂಜಿನ್ನು, ಗೇರು, ಬ್ರೇಕು. ನೀರಿಗೆ ಸಂಬಂಧಪಟ್ಟದ್ದೆಲ್ಲ ಮಾವನದು. ರೇಡಿಯೇಟರ್, ಪಂಪ್, ಹೀಟರ್, ಎಂಜಿನ್ ಸುತ್ತ ಹರಿದು ಅದನ್ನು ತಣ್ಣಗಿಡುವ ಒಂದೊಂದು ಪೈಪೂ. ಗಿರಾಕಿಗಳು ಅವರನ್ನು ನೀರಿನ ಮೇಷ್ಟ್ರು ಎನ್ನುತ್ತಿದ್ದರು. ಅದು ಕೇಳಿದರೆ ಮಾವ ಒಂದು ಗೇಣು ಉದ್ದವಾಗುತ್ತಿದ್ದರು. "ನಾನು ಮುಟ್ಟಿದ ರೇಡಿಯೇಟರ್ ವಾಪಸ್ ಬಂದ ಚರಿತ್ರೆ ಇಲ್ಲ" ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದರು. ಸುಳ್ಳೇನಲ್ಲ. ಮೂವತ್ತೊಂದು ವರ್ಷ ಒಂದೂ ವಾಪಸ್ ಬಂದಿರಲಿಲ್ಲ.

ಆಮೇಲೆ ಮೂರು ತಿಂಗಳಲ್ಲಿ ನಾಲ್ಕು ಬಂದವು.

ಮೊದಲನೆಯದಕ್ಕೆ ಮಾವ ನಕ್ಕರು. ಎರಡನೆಯದಕ್ಕೆ ನಗಲಿಲ್ಲ. ಮೂರನೆಯದು ಬಂದ ಮೇಲೆ ಪ್ರತಿ ಕ್ಲಿಪ್ಪನ್ನೂ ಎರಡೆರಡು ಸಲ ಮುಟ್ಟಿ ನೋಡಲು ಶುರುಮಾಡಿದರು. ಕಾರು ಹೊರಗೆ ಹೋದ ಮೇಲೂ ಬಾಗಿಲಿಗೆ ಬಂದು ಅದು ತಿರುವಿನಲ್ಲಿ ಮರೆಯಾಗುವವರೆಗೆ ನಿಲ್ಲುತ್ತಿದ್ದರು. ಅಣ್ಣ ಗಿರಾಕಿಗಳ ಹತ್ತಿರ ದನಿ ತಗ್ಗಿಸಿ, "ವಯಸ್ಸಾಯ್ತಲ್ಲ, ಸ್ವಲ್ಪ ಮರೆವು" ಎನ್ನುತ್ತಿದ್ದ. ದನಿ ತಗ್ಗಿಸಿದ್ದು ಗ್ಯಾರೇಜಿಗೆಲ್ಲ ಕೇಳುತ್ತಿತ್ತು.

ನಾಲ್ಕನೆಯದು ಈ ನರ್ಸಮ್ಮನ ಕಾರು. ಮಾವ ಹೊಸ ರೇಡಿಯೇಟರ್ ಹಾಕಿ ಕಳಿಸಿ ಎರಡನೇ ದಿನಕ್ಕೆ ಕುದಿಯಿತು. ನಾನಂದು ಬೇರೆ ಯಾವುದೋ ಗೇರ್‌ಬಾಕ್ಸಿನ ಜೊತೆ ಗುದ್ದಾಡಿ ತಲೆ ಕೆಟ್ಟು ಕೂತಿದ್ದೆ. ಎದ್ದು ಬಂದು, ನರ್ಸಮ್ಮನ ಎದುರಿಗೇ ಹೇಳಿದೆ: "ನೀರಿನ ಪೈಪಿಂದ ಗಾಳಿ ತೆಗೆಯೋ ಸ್ಕ್ರೂ ಬಿಗಿ ಮಾಡೋದನ್ನೇ ಮರೆತಿದ್ದೀರಲ್ಲ ಮಾವ! ಇವತ್ತು ಇದು, ನಾಳೆ ಇನ್ನೇನು ಮರೀತೀರೋ!"

ಮಾವ ಕೈ ಒರೆಸಿಕೊಳ್ಳುತ್ತಿದ್ದವರು ನಿಲ್ಲಿಸಿ, "ಸ್ಕ್ರೂ ನಿಜವಾಗ್ಲೂ ಸಡಿಲ ಇತ್ತಾ?" ಎಂದು ಕೇಳಿದರು.

"ಇತ್ತು" ಎಂದೆ.

ನಾನು ನೋಡಿಯೇ ಇರಲಿಲ್ಲ. ಬಾನೆಟ್ ಕೂಡ ಎತ್ತಿರಲಿಲ್ಲ. ಸಡಿಲ ಇರಬೇಕು ಅಂದುಕೊಂಡೆ, ಇತ್ತು ಅಂದುಬಿಟ್ಟೆ. ಆಮೇಲೆ ಅದೇ ಸ್ಕ್ರೂ ಬಿಚ್ಚುವಾಗಲೂ ಬಿಗಿಯಿತ್ತಾ ಎಂದು ಗಮನಿಸಲಿಲ್ಲ. ಆ ಸಂಜೆಯೇ ಅಣ್ಣ ಅವರಿಗೆ, "ಮನೇಲಿ ಸ್ವಲ್ಪ ದಿನ ಆರಾಮಾಗಿರಿ ಮಾವ" ಎಂದ. ಮಾವ ವಾದ ಮಾಡಲಿಲ್ಲ. ಜಗಳವಾಡುತ್ತಾರೆ, ಸ್ಪ್ಯಾನರ್ ಎಸೆಯುತ್ತಾರೆ ಎಂದು ನಾವಿಬ್ಬರೂ ತಯಾರಾಗಿ ನಿಂತಿದ್ದೆವು. ಅವರು ಹೂಂ ಎಂದು ತಲೆಯಾಡಿಸಿ ಹೋದರು. ಒಂದೂವರೆ ತಿಂಗಳಾಯಿತು. ಅವರ ಮನೆ ಇಲ್ಲಿಂದ ಎರಡೇ ಬೀದಿ. ನಾನು ಒಂದು ಸಲವೂ ಹೋಗಿರಲಿಲ್ಲ.

ನರ್ಸಮ್ಮ ಸ್ಟೂಲ್ ಎಳೆದು ಕೂತು ಒಂದೊಂದೇ ಮನೆಗೆ ಫೋನ್ ಮಾಡಿ ತಡವಾಗುತ್ತದೆಂದು ಹೇಳತೊಡಗಿದರು. ಅಣ್ಣ ಬಾನೆಟ್ ಎತ್ತಿ, ತಿಳಿದವನ ಹಾಗೆ ಗಲ್ಲ ಸವರಿಕೊಂಡ.

"ಹೆಡ್ ಗ್ಯಾಸ್ಕೆಟ್ ಹೋಗಿದೆ. ಎಂಜಿನ್ ಬಿಚ್ಚಬೇಕು."

"ಮುಟ್ಟು ನೋಡೋಣ" ಎಂದೆ.

"ಏನೇ ಅದು, ದೊಡ್ಡವನು ಅನ್ನೋ ಮರ್ಯಾದೆ..."

"ಗ್ಯಾಸ್ಕೆಟ್ ಹೋಗಿದ್ರೆ ಎಣ್ಣೆ ಜೊತೆ ನೀರು ಬೆರೆತು ಮಜ್ಜಿಗೆ ಥರ ಆಗಿರ್ತಿತ್ತು. ಎಣ್ಣೆ ಅಳೆಯೋ ಕಡ್ಡಿ ಎತ್ತಿ ನೋಡು. ಜೇನು ಇದ್ದ ಹಾಗಿದೆ. ಹೋಗು, ಆಚೆ ನಿಂತ್ಕೋ."

ಮುಕ್ಕಾಲು ಗಂಟೆ ಎಂಜಿನ್ ತಣ್ಣಗಾಗಲು ಬಿಟ್ಟೆ. ಬಿಸಿ ಇರುವಾಗ ಮುಚ್ಚಳ ತಿರುಗಿಸಿದರೆ ಮುಖ ಬೆಂದುಹೋಗುತ್ತದೆ. ತಣ್ಣಗಾದ ಮೇಲೆ ನೀರು ತುಂಬಿ, ಎಂಜಿನ್ ಚಾಲೂ ಮಾಡಿ, ಹೀಟರನ್ನು ಪೂರ್ತಿ ತಿರುಗಿಸಿ ಕೈಯಿಟ್ಟು ಕೂತೆ. ಬಿಸಿಯ ಮುಳ್ಳು ಮೇಲೇರುತ್ತಾ ಹೋಯಿತು. ಹೀಟರಿನಿಂದ ಮಾತ್ರ ತಣ್ಣನೆ ಗಾಳಿ. ಡ್ಯಾಶ್‌ಬೋರ್ಡಿನ ಹಿಂದೆ ಯಾರೋ ಬಾಯಿ ಮುಕ್ಕಳಿಸಿದಂತೆ ಗುಳುಗುಳು ಸದ್ದು. ಇದಕ್ಕೆ ದೊಡ್ಡ ಪಂಡಿತರು ಬೇಡ. ಒಳಗೆ ಗಾಳಿ ಸಿಕ್ಕಿಕೊಂಡಿದೆ. ಗಾಳಿ ಕೂತ ಕಡೆ ನೀರು ಹೋಗುವುದಿಲ್ಲ, ನೀರು ಹೋಗದ ಕಡೆ ಎಂಜಿನ್ ಬೇಯುತ್ತದೆ.

ಆದರೆ ನಾನು ಎರಡು ಸಲವೂ ಗಾಳಿ ತೆಗೆದಿದ್ದೆ! ಮಾವ ಕಲಿಸಿದ ಹಾಗೇ, ಒಂದು ಹೆಜ್ಜೆಯೂ ತಪ್ಪದೆ. ಮತ್ತೆ ತೆಗೆದೆ. ಸ್ಕ್ರೂ ಸಡಿಲಿಸಿದೆ, ಪೈಪ್ ಹಿಚುಕಿದೆ, ನೀರು ಸುರಿದೆ, ಕಾದೆ. ಸ್ಕ್ರೂ ಹತ್ತಿರ ಒಂದೇ ಒಂದು ಗುಳ್ಳೆಯಿಲ್ಲದೆ ನೀರು ಸೊಗಸಾಗಿ ಬಂತು. ಬಿಗಿ ಮಾಡಿದೆ. ಹೀಟರ್ ಹಾಕಿದೆ. ತಣ್ಣನೆ ಗಾಳಿ. ಇನ್ನೊಂದು ಸಲ ಮಾಡಿದೆ. ತಣ್ಣನೆ ಗಾಳಿ. ಅಣ್ಣ ಹಿಂದಿನಿಂದ, "ನಾನು ಹೇಳ್ಲಿಲ್ವಾ, ಗ್ಯಾಸ್ಕೆಟ್" ಎಂದ.

ನಾನು ಡ್ರೈವರ್ ಬಾಗಿಲ ಪಕ್ಕ ಇದ್ದ ತುಂಬಿದ ಬಕೆಟ್ಟನ್ನು ಒದ್ದೆ.

ಕಾಲಿಗೆ ಜೋರಾಗಿ ಏಟು ಬಿತ್ತು. ಕಾಲ್ಬೆರಳು ಹಿಡಿದುಕೊಂಡು ಅಲ್ಲೇ ಕುಕ್ಕರುಗಾಲಲ್ಲಿ ಕೂತೆ. ಹಾಗೆ ಕೂತಿದ್ದಕ್ಕೇ ಕಂಡಿತು. ಬಕೆಟ್ಟಿನ ನೀರೆಲ್ಲ ಒಂದು ಹನಿಯೂ ಹಿಂದಕ್ಕೆ ಬಾರದೆ, ಕಾರಿನ ಹೊಟ್ಟೆಯ ಕೆಳಗೆ ಹಾದು, ಮುಂದಿನ ಚಕ್ರ ದಾಟಿ, ಎದುರು ಗೋಡೆಯ ಬುಡದಲ್ಲಿದ್ದ ಜಾಲರಿಗೆ ಓಡುತ್ತಿತ್ತು. ಓಡಲೇಬೇಕು. ಅದಕ್ಕೆಂದೇ ಮಾಡಿಸಿದ ನೆಲ ಅದು.

ಈ ನೆಲದ ಕಥೆ ಹೇಳಬೇಕು. ಮೊದಲಿದ್ದದ್ದು ಅಪ್ಪನ ಕಾಲದ ಒರಟು ನೆಲ. ಒಳಗೋಡೆಯ ಕಡೆ ಎತ್ತರ, ಬಾಗಿಲ ಕಡೆ ತಗ್ಗು. ನೀರು, ಎಣ್ಣೆ ಎಲ್ಲ ಬೀದಿಗೆ ಹೋಗುತ್ತಿತ್ತು. ಪಕ್ಕದ ಬಟ್ಟೆ ಹೊಲಿಯುವವಳು ತನ್ನ ಮೆಟ್ಟಿಲು ಗಲೀಜಾಗುತ್ತದೆ ಎಂದು ವಾರಕ್ಕೊಮ್ಮೆ ಬಂದು ನಮ್ಮ ಜನ್ಮ ಜಾಲಾಡುತ್ತಿದ್ದಳು. ಅದಕ್ಕೆ ಅಣ್ಣ ಐದು ತಿಂಗಳ ಹಿಂದೆ ನೆಲವನ್ನು ಹೊಸದಾಗಿ ಮಾಡಿಸಿದ. ಇಳಿಜಾರನ್ನು ಒಳಗೆ ತಿರುಗಿಸಿ ಗೋಡೆಯ ಬುಡಕ್ಕೆ ಚರಂಡಿ ಇಡಿಸಿದ. ನೆಲ ಹೊಳೆಯುತ್ತದೆ. ಬಂದವರಿಗೆಲ್ಲ, "ಎಲೆ ಹಾಕದೆ ಊಟ ಬಡಿಸಬಹುದು" ಎಂದು ತೋರಿಸುತ್ತಾನೆ. ನಾವು ಕಾರುಗಳನ್ನು ಮಾತ್ರ ಯಾವಾಗಲೂ ಮಾಡುವ ಹಾಗೆ ಮೂತಿ ಒಳಗೆ ಮಾಡಿಯೇ ನಿಲ್ಲಿಸುತ್ತಿದ್ದೆವು. ಉಪಕರಣದ ಮೇಜು ಒಳಗೋಡೆಗೇ ಇದೆ, ಇನ್ನು ಹೇಗೆ ನಿಲ್ಲಿಸುವುದು?

ಮೊದಲು ಮೂತಿ ಮೇಲೆ ಇರುತ್ತಿತ್ತು. ನೀರು ತುಂಬುವ ಬಾಯಿ ಎಲ್ಲಕ್ಕಿಂತ ಎತ್ತರದಲ್ಲಿ, ಗಾಳಿ ತಾನಾಗಿ ಮೇಲೆ ಬಂದು ಹೋಗುತ್ತಿತ್ತು. ಈಗ ಮೂತಿ ಕೆಳಗೆ. ಗಾಳಿ ಹಿಂದಕ್ಕೆ, ಹೀಟರಿನ ಪೈಪಿಗೆ ಹೋಗಿ ಕಾಲು ಚಾಚಿ ಮಲಗುತ್ತದೆ. ದೊಡ್ಡ ಕಾರುಗಳಿಗೆ ಅಷ್ಟು ಇಳಿಜಾರು ಲೆಕ್ಕಕ್ಕಿಲ್ಲ. ವಾಪಸ್ ಬಂದ ಈ ನಾಲ್ಕೂ ಒಂದೇ ಬಗೆಯವು, ಮೂತಿ ತಗ್ಗಾದ ಚಿಕ್ಕ ಕಾರುಗಳು. ನನಗೆ ಕಾಲ್ಬೆರಳಿನ ನೋವು ಮರೆತುಹೋಯಿತು.

"ಕಾರು ಹೊರಗೆ ತಳ್ಳಿ" ಎಂದೆ. "ತಿರುಗಿಸಿ ಹಿಮ್ಮುಖ ಒಳಗೆ ತನ್ನಿ."

ಹಣ್ಣಿನಂಗಡಿಯವನನ್ನು ಮತ್ತೆ ಕರೆದೆವು. ಹಿಮ್ಮುಖ ನಿಲ್ಲಿಸಿದ್ದಲ್ಲದೆ ಮುಂದಿನ ಚಕ್ರಗಳನ್ನು ಹಲಗೆಯ ಮೇಲೆ ಹತ್ತಿಸಿ ಮೂತಿ ಎತ್ತರಿಸಿದೆ. ಮುಚ್ಚಳ ತೆಗೆದು, ಹೀಟರ್ ಹಾಕಿ, ಚಾಲೂ ಮಾಡಿದೆ. ಎಂಜಿನ್ ಬಿಸಿಯಾಗಿ ಒಳಗಿನ ಕವಾಟ ತೆರೆದದ್ದೇ ತಡ, ಬಾಯಿಂದ ಗುಳ್ಳೆ ಬರತೊಡಗಿತು. ಒಂದಲ್ಲ ಎರಡಲ್ಲ, ಹೊಟ್ಟೆ ತುಂಬ ಉಂಡವನು ತೇಗಿದ ಹಾಗೆ ಡುಬುಕ್ ಡುಬುಕ್ ಎಂದು ಬರುತ್ತಲೇ ಇತ್ತು. ನೀರಿನ ಮಟ್ಟ ಕುಸಿಯಿತು, ಸುರಿದೆ, ಮತ್ತೆ ಕುಸಿಯಿತು, ಮತ್ತೆ ಸುರಿದೆ. ನರ್ಸಮ್ಮ ಒಳಗೆ ಕೂತು ಹೀಟರಿಗೆ ಕೈ ಹಿಡಿದಿದ್ದವರು, "ಬಿಸಿ ಬಂತು!" ಎಂದು ಕೂಗಿದರು.

ಮುಳ್ಳು ಅರ್ಧಕ್ಕೆ ನಿಂತಿತು. ಇಪ್ಪತ್ತು ನಿಮಿಷ ಓಡಿಸಿಕೊಂಡು ಬಂದೆ, ಅಲ್ಲಾಡಲಿಲ್ಲ. ನರ್ಸಮ್ಮ ಕೀಲಿ ತೆಗೆದುಕೊಳ್ಳುತ್ತಾ, "ಹಾಗಾದ್ರೆ ಆ ಹಿರಿಯರ ತಪ್ಪಲ್ಲ" ಎಂದರು. ಕೇಳಿದ್ದಲ್ಲ, ಹೇಳಿದ್ದು. ಹೇಳಿ ತಮ್ಮ ಆರು ಮನೆಗೆ ಹೊರಟುಹೋದರು.

ನಾನು ಅಣ್ಣನ ಕಡೆ ಈಗ ತಿರುಗಿದೆ.

"ನೆಲ" ಎಂದೆ.

"ಗೊತ್ತಾಯ್ತು ಬಿಡು. ಇನ್ಮೇಲೆ ಇಂಥ ಕಾರನ್ನ ಹಿಮ್ಮುಖ ನಿಲ್ಲಿಸೋಣ. ಮುಗೀತಲ್ಲ."

"ಮುಗೀತಾ?"

"ಇನ್ನೇನು? ಸಿಕ್ಕಿದ್ದು ಒಳ್ಳೇದಾಯ್ತು. ಊರಿಗೆಲ್ಲ ಡಂಗುರ ಹೊಡೀಬೇಕಾ, ನಮ್ಮ ನೆಲ ಸರಿ ಇಲ್ಲ ಅಂತ?"

"ಮಾವನಿಗೆ?"

ಅಣ್ಣ ಚಿಂದಿಬಟ್ಟೆಯಿಂದ ಕೈ ಒರೆಸಿಕೊಂಡ. ಅವನ ಕೈಗೆ ಮಸಿಯೇ ಆಗಿರಲಿಲ್ಲ. "ನೋಡು, ಅವರಿಗೂ ವಯಸ್ಸಾಯ್ತು. ಮನೇಲಿ ನೆಮ್ಮದಿಯಾಗಿದ್ದಾರೆ. ಈಗ ಹೋಗಿ ಹೇಳಿದ್ರೆ ನಮ್ಮನ್ನ ಉಳಿಸ್ತಾರಾ? ಜನ್ಮ ಪೂರ್ತಿ ತಲೆ ಮೇಲೆ ಕೂತ್ಕೋತಾರೆ. ಅಷ್ಟಕ್ಕೂ ನೆಲ ಹಾಕುವಾಗ ಅವರೂ ಇಲ್ಲೇ ನಿಂತು ಚೆನ್ನಾಗಿದೆ ಅಂದ್ರು. ಅವರಿಗೆ ಹೊಳೀಲಿಲ್ಲ, ನನಗೆ ಹೊಳೀಬೇಕಿತ್ತಾ?"

ಮೈಯೆಲ್ಲ ಉರಿದುಹೋಯಿತು. "ಅವರಿಗೆ ಮರೆವು ಅಂತ ಬಂದ ಗಿರಾಕಿಗೆಲ್ಲ ಹೇಳಿದೆಯಲ್ಲ, ಆಗ ನಿನಗೆ ಡಂಗುರ ಅನಿಸ್ಲಿಲ್ವಾ? ಆ ನಾಲಿಗೇನ ಈಗ ಎಲ್ಲಿ ಬಚ್ಚಿಟ್ಟಿದ್ದೀಯಾ?"

"ನೀನೇನು ಸಾಚಾನಾ? ಸ್ಕ್ರೂ ಸಡಿಲ ಇತ್ತು ಅಂದವಳು ನೀನು."

ಬೇರೆಯವರು ಹೊಡೆದರೆ ತಿರುಗಿಸಿ ಹೊಡೆಯಬಹುದು. ಇದಕ್ಕೆ ಏನು ಮಾಡಲಿ? ಅವನ ಮೇಲಿದ್ದ ಸಿಟ್ಟೆಲ್ಲ ಅರ್ಧ ದಾರಿಯಲ್ಲಿ ತಿರುಗಿ ನನ್ನ ಮೇಲೇ ಬಂತು. ಕಿರುಚಿದೆ. ಏನು ಕಿರುಚಿದೆನೋ ನೆನಪಿಲ್ಲ, ಹೊಲಿಯುವವಳು ಕತ್ತರಿ ಹಿಡಿದುಕೊಂಡೇ ಓಡಿ ಬಂದಳು. ನಾನು ಹಾಡುಹಗಲೇ ಷಟರ್ ಎಳೆದು ಬೀಗ ಹಾಕಿ, "ನಡಿ" ಎಂದೆ. ಅಣ್ಣ ಹೊರಗೆ ನಿಂತು ಸ್ವಲ್ಪ ಹೊತ್ತು ಗೊಣಗಿ, ಬೀಗದಕೈ ನನ್ನ ಕೈಯಲ್ಲಿದ್ದದ್ದರಿಂದ ಹಿಂದೆ ಬಂದ.

ಮಾವನ ಮನೆ ಮೊದಲ ಮಹಡಿಯಲ್ಲಿ. ಅತ್ತೆ ಬಾಗಿಲು ತೆಗೆದು ನಮ್ಮನ್ನು ನೋಡಿ ಒಳಗೆ ಬನ್ನಿ ಅನ್ನದೆ ಪಕ್ಕಕ್ಕೆ ಸರಿದರು. ಮಾವ ಕಿಟಕಿಯ ಹತ್ತಿರ ಕುರ್ಚಿಯಲ್ಲಿ ಕೂತಿದ್ದರು. ಒಗೆದು ಇಸ್ತ್ರಿ ಮಾಡಿದ ಅಂಗಿ. ಮಸಿಯಿಲ್ಲದ ಬೆರಳುಗಳು. ಆ ಬೆರಳುಗಳನ್ನು ಅಷ್ಟು ಬೆಳ್ಳಗೆ ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ.

"ಸಿಡುಕಿ ಅಲ್ವಾ?" ಎಂದು ನಕ್ಕರು. "ನೋಡು, ಮರೆತಿಲ್ಲ."

ತಮಾಷೆಗೇ ಹೇಳಿದ್ದು. ಹೇಳಿ ಅತ್ತೆಯ ಮುಖ ನೋಡಿದರು, ಸರಿಯಾಗಿ ಹೇಳಿದೆನಾ ಎನ್ನುವ ಹಾಗೆ.

ನಾನು ಸುತ್ತ ನೋಡಿದೆ. ಸ್ವಿಚ್ಚುಗಳ ಪಕ್ಕ ಚೀಟಿ. ಡಬ್ಬಗಳ ಮೇಲೆ ಚೀಟಿ. ಬಾಗಿಲ ಹಿಂದೆ, ಕಣ್ಣಿನ ಎತ್ತರಕ್ಕೆ, "ಕೀಲಿ, ಕನ್ನಡಕ, ಫೋನ್" ಎಂದು ದಪ್ಪಕ್ಷರದಲ್ಲಿ ಬರೆದ ಹಾಳೆ. ಮೇಜಿನ ಮೇಲೆ ಒಂದು ನೋಟುಪುಸ್ತಕ ತೆರೆದಿತ್ತು. ಮಾವನ ಅಕ್ಷರ. ಗ್ಯಾರೇಜಿನಲ್ಲಿ ಪೈಪಿನ ಅಳತೆ ಬರೆಯುತ್ತಿದ್ದ ಅದೇ ಅಕ್ಷರ. "ಏಳು ಗಂಟೆ. ಹಾಲು ಕಾಯಿಸಿದೆ. ಒಲೆ ಆರಿಸಿದೆ. ನೋಡಿದೆ. ಮತ್ತೊಂದು ಸಲ ನೋಡಿದೆ." ಕೆಳಗೆ ಮರುದಿನದ್ದೂ ಅದೇ. ಪುಟ ತಿರುಗಿಸಿದೆ, ಅಲ್ಲೂ ಅದೇ. ಯಾವ ದಿನವೂ ಒಲೆ ಉರಿಯುತ್ತಾ ಉಳಿದದ್ದು ಬರೆದಿರಲಿಲ್ಲ.

ಕೈ ತೊಳೆಯಲು ಬಚ್ಚಲಿಗೆ ಹೋದೆ. ಬಾಗಿಲು ಮುಚ್ಚಿ ಚಿಲಕಕ್ಕೆ ಕೈ ಹಾಕಿದರೆ ಚಿಲಕವೇ ಇಲ್ಲ. ಅದಿದ್ದ ಕಡೆ ನಾಲ್ಕು ಸ್ಕ್ರೂ ತೂತು. ಹೊರಗೆ ಬಂದಾಗ ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು.

"ನಾನೇ ಬಿಚ್ಚಿಸಿದ್ದು" ಎಂದರು. "ಒಳಗೆ ಹೋಗಿ ಚಿಲಕ ತೆಗೆಯೋದು ಮರೆತು ಕೂತ್ಬಿಟ್ಟರೆ ಅಂತ. ನೀವು ಹೇಳಿದ್ದು ಕೇಳಿ ಹೆದರಿಕೆ ಆಗಿತ್ತು."

ನನಗೆ ಕೂರಲಾಗಲಿಲ್ಲ. ನಿಂತೇ ಎಲ್ಲ ಹೇಳಿದೆ. ನರ್ಸಮ್ಮನ ಕಾರು, ಬಕೆಟ್ಟು, ಇಳಿಜಾರು, ಗುಳ್ಳೆ. ಮಾವ ತಲೆಯಾಡಿಸುತ್ತಾ ಕೇಳಿದರು, ಮಗು ಹೇಳಿದ ಸುಳ್ಳನ್ನು ಕೇಳುವವರ ಹಾಗೆ.

"ಇಬ್ರೂ ಸಮಾಧಾನ ಮಾಡೋಕೆ ಬಂದ್ರಿ. ಒಳ್ಳೇದಾಯ್ತು. ನನಗೇನೂ ಬೇಜಾರಿಲ್ಲ ಕಣೇ. ವಯಸ್ಸು, ಯಾರಿಗೆ ತಪ್ಪಿದೆ? ಕಾಫಿ ಕುಡಿದು ಹೋಗಿ."

"ಸಮಾಧಾನ ಅಲ್ಲ ಮಾವ, ನಿಜ!"

"ಆಯ್ತು, ನಿಜ" ಎಂದರು. ನಂಬಿರಲಿಲ್ಲ. ನಮ್ಮ ಸುಳ್ಳನ್ನು ಒಂದೇ ಮಾತಿಗೆ ನಂಬಿದವರು ಸತ್ಯ ತಂದರೆ ನಂಬುತ್ತಿಲ್ಲ. ಗೋಡೆಗೆ ತಲೆ ಚಚ್ಚಿಕೊಳ್ಳೋಣ ಅನಿಸಿತು. ಅಣ್ಣನ ಬೆನ್ನಿಗೆ ಗುದ್ದಿದೆ.

ಅಣ್ಣ ನೆಲ ನೋಡುತ್ತಾ, "ತಪ್ಪು ನನ್ನದು ಮಾವ" ಎಂದ. "ಇಳಿಜಾರು ತಿರುಗಿಸಿದ್ದು ನಾನು. ನಿಮ್ಮ ಕೆಲಸದಲ್ಲಿ ತಪ್ಪಿರಲಿಲ್ಲ."

ಮಾವನ ತಲೆಯಾಡಿಸುವುದು ನಿಂತಿತು. ಅಣ್ಣನನ್ನು ಕಾಲಿನಿಂದ ತಲೆಯವರೆಗೆ ನೋಡಿದರು. ಅಣ್ಣ ಹುಟ್ಟಿದ ಮೇಲೆ ತಪ್ಪು ನನ್ನದು ಅಂದವನಲ್ಲ. ಚಿಕ್ಕವನಿದ್ದಾಗ ಮಾವನ ಸ್ಕೂಟರನ್ನು ಗೋಡೆಗೆ ಗುದ್ದಿಸಿ, ಗೋಡೆ ಅಡ್ಡ ಬಂತು ಎಂದವನು. ಅವನ ಬಾಯಲ್ಲಿ ಈ ಮಾತು ಬಂದದ್ದೇ ಮಾವನಿಗೆ ಸಾಕ್ಷಿಯಾಯಿತು.

"ಹೀಟರ್ ತಣ್ಣಗಿತ್ತಾ?" ಎಂದರು ಥಟ್ಟನೆ.

"ತಣ್ಣಗಿತ್ತು."

"ಮೇಲಿನ ಪೈಪು?"

"ಸುಡ್ತಿತ್ತು. ಕೆಳಗಿನದು ಮುಟ್ಟಬಹುದಿತ್ತು."

"ಸ್ಕ್ರೂ ಹತ್ತಿರ ಗುಳ್ಳೆ?"

"ಒಂದೂ ಇಲ್ಲ."

ಮಾವ ಪಕ್ಕದಲ್ಲಿದ್ದ ಲೋಟವನ್ನು ಎತ್ತಿಕೊಂಡರು. ಅರ್ಧ ನೀರಿತ್ತು. ಅದನ್ನು ಮುಂದಕ್ಕೆ ಬಾಗಿಸಿ, ನೀರು ಅಂಚಿಗೆ ಬಂದಾಗ ಹಿಡಿದು ನಿಲ್ಲಿಸಿ ನೋಡಿದರು. ಹಿಂದಕ್ಕೆ ಬಾಗಿಸಿ ನೋಡಿದರು. ತುಟಿ ಅಲ್ಲಾಡುತ್ತಿತ್ತು. ಕಣ್ಣು ಸಣ್ಣದು ಮಾಡಿ, ಹುಬ್ಬು ಗಂಟಿಕ್ಕಿ, ನನಗೆ ಗೊತ್ತಿದ್ದ ಮಾವ ಆ ಇಸ್ತ್ರಿ ಅಂಗಿಯೊಳಗೆ ಮೆಲ್ಲಗೆ ವಾಪಸ್ ಬರುತ್ತಿದ್ದರು. ನನಗೆ ಎಷ್ಟು ಖುಷಿಯಾಯಿತೆಂದರೆ ಮುಂದೆ ಏನು ಬರುತ್ತದೆ ಎಂದು ಯೋಚಿಸಲೇ ಇಲ್ಲ.

ಲೋಟ ಕೆಳಗಿಟ್ಟು, "ಹಾಗಾದ್ರೆ ಮೊದಲೂ ನೆಲವೇ" ಎಂದರು.

"ಏನು ಮಾವ?"

"ಮೂವತ್ತೊಂದು ವರ್ಷ ಗಾಳಿ ತೆಗೆದದ್ದು ನೆಲ. ನಾನು ನನ್ನ ಕೈ ಅಂದ್ಕೊಂಡಿದ್ದೆ."

"ಹಾಗಲ್ಲ ಮಾವ, ನಿಮ್ಮ ಕೈಯಂಥ ಕೈ..."

"ಸುಮ್ನಿರೇ!"

ಒಂದೂವರೆ ತಿಂಗಳಲ್ಲ, ನಾಲ್ಕು ತಿಂಗಳಿಂದ ಆ ದನಿ ಕೇಳಿರಲಿಲ್ಲ. ಅತ್ತೆ ಅಡುಗೆಮನೆಯಿಂದ ಹೊರಗೆ ಬಂದರು. ಮಾವ ನನ್ನ ಕಡೆ ಬೆರಳು ತೋರಿಸಿದರು.

"ಸ್ಕ್ರೂ ಸಡಿಲ ಇತ್ತು ಅಂದೆಯಲ್ಲ. ಗಾಳಿ ನೆಲದಿಂದ ಸಿಕ್ಕಿಕೊಂಡಿದ್ದರೆ ಸ್ಕ್ರೂ ಯಾಕೆ ಸಡಿಲ ಇತ್ತು? ಅದೊಂದನ್ನ ಹೇಳು ನನಗೆ. ರಾತ್ರಿ ಹಗಲು ಅದನ್ನೇ ಯೋಚನೆ ಮಾಡಿದ್ದೀನಿ. ಬಿಗಿ ಮಾಡಿದ್ದು ನನ್ನ ಬೆರಳಿಗೆ ನೆನಪಿದೆ. ಸ್ಪ್ಯಾನರ್ ವಾಪಸ್ ಇಟ್ಟಿದ್ದು ನೆನಪಿದೆ. ಆದರೂ ನೀನು ಇತ್ತು ಅಂದೆ. ನೀನು ಸುಳ್ಳು ಹೇಳೋಳಲ್ಲ ಅಂತ ನಾನು ನನ್ನ ಬೆರಳನ್ನೇ ನಂಬಲಿಲ್ಲ."

ಈಗ ಹೇಳಲೇಬೇಕಿತ್ತು.

"ನಾನು ನೋಡಿರಲಿಲ್ಲ ಮಾವ. ಬಾನೆಟ್ ಎತ್ತದೆ ಹೇಳಿದೆ."

ಮೊದಲು ಬಾಯಿ ಬಿಟ್ಟದ್ದು ಅತ್ತೆ.

"ಥೂ" ಎಂದರು. "ರಾತ್ರಿ ಮೂರು ಸಲ ಎದ್ದು ಉಸಿರಾಡ್ತಿದ್ದಾರಾ ಅಂತ ನೋಡ್ತೀನಿ ಕಣೇ ನಾನು. ಬೀದಿಗೆ ಹೊರಟರೆ ಹಿಂದೆ ಹಿಂದೆ ಹೋಗ್ತೀನಿ. ಸ್ನಾನಕ್ಕೆ ಹೋದರೆ ಬಾಗಿಲ ಹೊರಗೆ ನಿಂತು ಮಾತಾಡಿಸ್ತಾ ಇರ್ತೀನಿ. ತಲೆ ನೆಟ್ಟಗಿರೋ ಮನುಷ್ಯನ್ನ! ಒಂದು ಬಾನೆಟ್ ಎತ್ತೋಕೆ ನಿನ್ನ ಕೈಗೆ ಏನಾಗಿತ್ತು? ಏನೋ, ನಿನಗೆ? ಹೊಸ ನೆಲದ ಮೇಲೆ ಕುಣೀತಿದ್ದೆಯಾ?"

ನನಗೆ ಬೈಸಿಕೊಂಡದ್ದು ಕಡಿಮೆಯಾಯಿತು ಎಂದೇ ಅನಿಸುತ್ತಿತ್ತು. ಇನ್ನೂ ಬೈಯಲಿ, ಕೈಯೆತ್ತಿ ಎರಡು ಕೊಡಲಿ ಎಂದು ಕಾದು ನಿಂತೆ.

ಮಾವ ಎದ್ದರು. ಗೋಡೆಯ ಗೂಡಿನ ಖಾನೆ ಎಳೆದು, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟಿದ್ದ ಚಿಲಕ ಹೊರಗೆ ತೆಗೆದರು. ಒಂದು ಸ್ಕ್ರೂಡ್ರೈವರ್ ತೆಗೆದರು. ಯಾವುದು ಎಲ್ಲಿದೆ ಎಂದು ಹುಡುಕಲಿಲ್ಲ, ಯಾವ ಚೀಟಿಯನ್ನೂ ನೋಡಲಿಲ್ಲ. ಬಚ್ಚಲ ಬಾಗಿಲಿಗೆ ಹೋಗಿ ಚಿಲಕವನ್ನು ತೂತುಗಳಿಗೆ ಹೊಂದಿಸಿ ಹಿಡಿದರು. ಅಣ್ಣ ಮುಂದೆ ಹೋಗಿ, "ಕೊಡಿ ಮಾವ, ನಾನು ಹಿಡ್ಕೋತೀನಿ" ಎಂದ.

"ಮುಟ್ಟಿದ್ರೆ ಕೈ ಮುರೀತೀನಿ."

ಒಂದು ಕೈಯಲ್ಲೇ ಹಿಡಿದು ನಾಲ್ಕೂ ಸ್ಕ್ರೂ ಕೂರಿಸಿದರು. ಪ್ರತಿಯೊಂದನ್ನೂ ಒಂದೇ ಸಲ ಬಿಗಿ ಮಾಡಿದರು. ಮತ್ತೆ ಮುಟ್ಟಿ ನೋಡಲಿಲ್ಲ. ಸ್ಕ್ರೂಡ್ರೈವರನ್ನು ಅತ್ತೆಯ ಕೈಗೆ ಕೊಟ್ಟು, ಒಳಗೆ ಹೋಗಿ ಬಾಗಿಲು ಹಾಕಿ ಚಿಲಕ ಎಳೆದರು. ನಲ್ಲಿ ತಿರುಗಿಸಿದ ಸದ್ದು ಬಂತು. ನೀರು ಜೋರಾಗಿ ಬೀಳತೊಡಗಿತು, ಒಳಗಿನ ಬೇರೆ ಯಾವ ಸದ್ದೂ ಹೊರಗೆ ಕೇಳಿಸಬಾರದು ಎನ್ನುವ ಹಾಗೆ.

ಅತ್ತೆ ಅಭ್ಯಾಸಬಲದಿಂದ ಬಾಗಿಲ ಹತ್ತಿರ ಹೋಗಿ ನಿಂತರು. ಆಮೇಲೆ ತಾವೇ ತಿರುಗಿ ಬಂದು ಮಾವನ ಕುರ್ಚಿಯಲ್ಲಿ ಕೂತರು. "ನೀವು ಹೋಗಿ" ಎಂದರು.

ಅಣ್ಣ ಚಪ್ಪಲಿ ಮೆಟ್ಟಿದ. ನಾನು ಅಲ್ಲೇ ನಿಂತೆ. ಬಹಳ ಹೊತ್ತಿನ ಮೇಲೆ ನಲ್ಲಿ ನಿಂತಿತು.

"ಹೋದ್ರಾ ಅವ್ರು?" ಒಳಗಿನಿಂದ ಮಾವನ ದನಿ.

"ಇಲ್ಲ ಮಾವ" ಎಂದೆ.

"ಆ ಥರದ ಕಾರು ಇನ್ನೊಂದು ಬರುತ್ತೆ. ಬಂದಾಗ ಹೇಳಿ ಕಳಿಸು. ಹಿಮ್ಮುಖ ಗಿಮ್ಮುಖ ಎಲ್ಲ ಬೇಡ. ಹಲಗೆ ಇಡಬೇಡ. ನಿಮ್ಮಣ್ಣನ ನೆಲದ ಮೇಲೆ ಮೂತಿ ಕೆಳಗೆ ಮಾಡಿ ನಿಲ್ಲಿಸು. ನನ್ನ ಕೈಯೋ ನಿಮ್ಮಪ್ಪನ ನೆಲವೋ ನೋಡೇ ಬಿಡ್ತೀನಿ."

ಅಣ್ಣ, "ಮೂತಿ ಕೆಳಗಿದ್ರೆ ಗಾಳಿ ಹೇಗೆ ಮಾವ..." ಎಂದು ಶುರುಮಾಡಿದ. ನಾನು ಅವನ ಕಾಲು ತುಳಿದೆ.

"ಆಯ್ತು ಮಾವ" ಎಂದೆ. "ನಾನು ಅವತ್ತು ಬೇಗ ಬಂದು ಸಾಮಾನೆಲ್ಲ ತೆಗೆದಿಡ್ತೀನಿ."

"ನೀನು ಬೇಡ" ಎಂದರು ಮಾವ, ಚಿಲಕ ಹಾಕಿದ ಬಾಗಿಲ ಆಚೆಯಿಂದ. "ನಾನು ಕೆಲಸ ಮಾಡುವಾಗ ನೀವಿಬ್ರೂ ರಸ್ತೆಯಲ್ಲಿ ನಿಂತಿರಬೇಕು. ನನ್ನ ಹತ್ತಿರ ಬರಕೂಡದು."